ಕೈತೋಟದ ಕೀಟ ಕಿಟ್: ಬಿಟಿ ಪುಡಿಗೆ ಪೂರ್ತಿ ಮಾರ್ಕ್ಸ್, ಉಳಿದದ್ದನ್ನು ಯೋಚಿಸಿ ತಗೊಳ್ಳಿ

ಮೊದಲೇ ಹೇಳಿಬಿಡುತ್ತೇನೆ. ಆನ್‌ಲೈನ್‌ನಲ್ಲಿ ಸಿಗುವ ಈ "ಸಂಪೂರ್ಣ ಸಾವಯವ ಕೀಟ ನಿಯಂತ್ರಣ ಕಿಟ್"ಗೆ ನಾನು ಕೊಡುವುದು 5ಕ್ಕೆ ಎರಡೂವರೆ. ಅದರಲ್ಲಿ ಎರಡು ಮಾರ್ಕು ಒಳಗಿದ್ದ ಒಂದೇ ಒಂದು ಸಣ್ಣ ಪ್ಯಾಕೆಟ್‌ಗೆ, ಅಂದರೆ ಬಿಟಿ ಅನ್ನುವ ಬ್ಯಾಕ್ಟೀರಿಯಾದ ಪುಡಿಗೆ. ಉಳಿದ ಅರ್ಧ ಸ್ಪ್ರೇಯರ್‌ಗೆ. ಮಿಕ್ಕ ಸಾಮಾನನ್ನು ಡಬ್ಬಿ ತುಂಬಿದ ಹಾಗೆ ಕಾಣಲಿ ಅಂತ ಹಾಕಿದ್ದಾರೆ ಅನಿಸುತ್ತದೆ. ಕಂಪನಿ ಹೆಸರು ಬರೆಯುವುದಿಲ್ಲ. ಇದೇ ಥರದ ಕಿಟ್ ಬೇರೆ ಬೇರೆ ಹೆಸರಲ್ಲಿ ಬರುತ್ತಿದೆ, ಹಾಗಾಗಿ ಒಳಗೆ ಏನಿದೆ ಅಂತ ನೋಡುವುದೇ ಮುಖ್ಯ.

ನಮ್ಮದು ವಿಜಯಪುರ. ಮನೆ ಹಿಂದೆ ಸ್ವಲ್ಪ ಎರೆ ಮಣ್ಣಿನ ಜಾಗ ಇದೆ. ಬದನೆ, ಟೊಮೆಟೊ, ಹೀರೆ, ಸವತೆ, ಚಳಿಗಾಲದಲ್ಲಿ ಒಂದು ಸಾಲು ಎಲೆಕೋಸು, ಜೊತೆಗೆ ಮೆಂತ್ಯ, ಪಾಲಕ್, ರಾಜಗಿರಿ, ಪುಂಡಿಪಲ್ಯ. ಕಾಂಪೌಂಡ್ ಪಕ್ಕ ಕರಿಬೇವು, ಒಂದು ಲಿಂಬೆ ಗಿಡ. ಮನೆ ಮಂದಿಗೆ ಸಾಕಾಗಿ ಪಕ್ಕದ ಮನೆಗೂ ಕೊಡುವಷ್ಟು ಬರುತ್ತದೆ, ಹುಳ ಬಿಟ್ಟರೆ.

ಊರಲ್ಲೇ ಔಷಧಿ ಅಂಗಡಿ ಇಲ್ವಾ, ಆನ್‌ಲೈನ್ ಯಾಕೆ ಅಂತ ಕೇಳಬಹುದು. ಇವೆ, ಬೇಕಾದಷ್ಟಿವೆ. ಆದರೆ ನಮ್ಮ ಕಡೆ ಅಂಗಡಿಯವರ ದೊಡ್ಡ ಗಿರಾಕಿ ಅಂದರೆ ದ್ರಾಕ್ಷಿ ಬೆಳೆಗಾರರು. ಅಕ್ಟೋಬರ್ ಚಾಟ್ನಿ (ದ್ರಾಕ್ಷಿ ಬಳ್ಳಿ ಸವರುವ ಕೆಲಸ) ಶುರುವಾದರೆ ತಿಕೋಟಾ, ಬಬಲೇಶ್ವರ ಕಡೆಯವರು ಲೀಟರ್‌ಗಟ್ಟಲೆ ಕ್ಯಾನ್ ಒಯ್ಯುತ್ತಿರುತ್ತಾರೆ, ಅವರ ನಡುವೆ ನಿಂತು ನಾವು "ನಾಲ್ಕು ಸಾಲು ಬದನೆಗೆ ಏನಾದರೂ ಕೊಡಿ" ಅಂದರೆ ಅಂಗಡಿಯವರಿಗೂ ಏನು ಹೇಳಬೇಕು ತಿಳಿಯುವುದಿಲ್ಲ. ಮಾರ್ಕೆಟ್ ಹತ್ತಿರದ ಒಂದು ಅಂಗಡಿಯಲ್ಲಿ ಹೋದ ಕೂಡಲೇ ಕೇಳಿದ ಪ್ರಶ್ನೆ, "ಎಷ್ಟು ಎಕರೆ ಐತ್ರೀ?" ಮನೆ ತೋಟ ಅಂದೆ. ನಕ್ಕರು. "ಅಷ್ಟ ಸಣ್ಣ ಬಾಟ್ಲಿ ಇಲ್ರೀ ನಮ್ಮಲ್ಲಿ" ಅಂದರು. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದರು, "ಎಲಿ ತಂದೀರೇನ್ರೀ? ಹುಳ ಯಾವುದಂತ ನೋಡದ ಏನ್ ಕೊಡ್ಲಿ?" ಸಣ್ಣ ಬಾಟ್ಲಿ ಸಿಗಲಿಲ್ಲ ಅನ್ನುವುದು ಬೇರೆ ಮಾತು. ಆದರೆ ಈ ಎರಡನೇ ಪ್ರಶ್ನೆಯನ್ನು ಕಿಟ್ ಮಾರುವವರು ಎಲ್ಲೂ ಕೇಳುವುದಿಲ್ಲ, ನನ್ನ ಮುಖ್ಯ ತಕರಾರು ಇದೇ.

ಕಿಟ್ ಒಳಗೆ ಏನಿದೆ ನೋಡಿ. ಬೇವಿನ ಎಣ್ಣೆಯ ಸಣ್ಣ ಬಾಟಲಿ, ಬಿಟಿ ಪುಡಿಯ ಪ್ಯಾಕೆಟ್, ಹಳದಿ ಅಂಟು ಹಾಳೆಗಳು, ಹಣ್ಣಿನ ನೊಣಕ್ಕೆ ಒಂದು ಬಲೆ, ಒಂದು ಲೀಟರಿನ ಕೈ ಸ್ಪ್ರೇಯರ್, ತೆಳು ಕೈಗವಸು, ಮಡಚಿದ ಒಂದು ಸೂಚನೆ ಹಾಳೆ. ಬೆಲೆ ಸಾವಿರಕ್ಕೆ ಸ್ವಲ್ಪ ಕಮ್ಮಿ. ಡಬ್ಬಿಯ ಮೇಲೆ ಎಲೆ ಕಡಿಯುತ್ತಿರುವ ಹಸಿರು ಹುಳದ ದೊಡ್ಡ ಚಿತ್ರ. ಕೆಳಗೆ "ಎಲೆ ತಿನ್ನುವ ಎಲ್ಲ ಕೀಟಗಳಿಗೂ" ಅಂತ ಬರೆದಿದೆ, ಅದೂ ಇಂಗ್ಲಿಷ್‌ನಲ್ಲಿ.

ಎಲೆ ತಿನ್ನುವ ಕೀಟ ಅಂದರೆ ಒಂದೇ ಜಾತಿ ಅಲ್ಲ. ಚಿಟ್ಟೆ, ಪತಂಗಗಳ ಮರಿಗಳು ಒಂದು ಗುಂಪು, ನಾವು ಸಾಮಾನ್ಯವಾಗಿ ಕೀಡೆ ಅನ್ನುವುದು ಇವನ್ನೇ. ದುಂಬಿಗಳದು (ಬೀಟಲ್) ಇನ್ನೊಂದು ಗುಂಪು, ಅವುಗಳ ದೊಡ್ಡವೂ ತಿನ್ನುತ್ತವೆ, ಮರಿಯೂ ತಿನ್ನುತ್ತವೆ. ಮಿಡತೆ ಬೇರೆ. ರಸ ಹೀರುವ ಹೇನು, ಬಿಳಿ ನೊಣ ಎಲೆ ತಿನ್ನುವುದೇ ಇಲ್ಲ. ಒಂದಕ್ಕೆ ನಾಟುವ ಮದ್ದು ಇನ್ನೊಂದಕ್ಕೆ ಏನೂ ಮಾಡುವುದಿಲ್ಲ. ಇದನ್ನು ತಿಳಿಯದೆ ಕಿಟ್ ತೆಗೆದುಕೊಂಡರೆ ಅರ್ಧ ಡಬ್ಬಿ ಸುಮ್ನೆ ಮೂಲೆಗೆ ಬೀಳುತ್ತದೆ.

ಈಗ ಒಳ್ಳೆಯ ಸಾಮಾನಿನಿಂದಲೇ ಶುರು ಮಾಡೋಣ. ಬಿಟಿ ಪುಡಿ.

ಬಿಟಿ ಅಂದ ಕೂಡಲೇ ನಮ್ಮ ಕಡೆ ಎಲ್ಲರಿಗೂ ಹತ್ತಿ ನೆನಪಾಗುತ್ತದೆ. "ಅಯ್ಯೋ, ಅದು ಬಿಟಿ ಹತ್ತಿ ವಿಷ ಅಲ್ವಾ, ಪಲ್ಯಕ್ಕೆ ಹೊಡಿತೀರಾ?" ಅಂತ ಕೇಳಿದವರಿದ್ದಾರೆ. ಸಂಬಂಧ ಇದೆ, ಆದರೆ ಎರಡೂ ಒಂದೇ ಅಲ್ಲ. ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಅಂತ ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾ. 2002ರಲ್ಲಿ ನಮ್ಮ ದೇಶದಲ್ಲಿ ಒಪ್ಪಿಗೆ ಸಿಕ್ಕ ಬಿಟಿ ಹತ್ತಿಯಲ್ಲಿ ಅದರ ಜೀನನ್ನು ಗಿಡದೊಳಕ್ಕೇ ಸೇರಿಸಿದ್ದಾರೆ. ಪುಡಿಯಲ್ಲಿ ಹಾಗಲ್ಲ, ಆ ಬ್ಯಾಕ್ಟೀರಿಯಾವನ್ನೇ ಬೆಳೆಸಿ ಒಣಗಿಸಿ ಕೊಡುತ್ತಾರೆ, ಎಲೆಯ ಮೇಲೆ ಹೊಡೆಯುತ್ತೇವೆ, ಗಿಡಕ್ಕೆ ಅದರಿಂದ ಏನೂ ಆಗುವುದಿಲ್ಲ. 1901ರಲ್ಲಿ ಜಪಾನಿನ ಇಶಿವಾಟಾ ಅನ್ನುವವರು ಸಾಯುತ್ತಿದ್ದ ರೇಷ್ಮೆ ಹುಳಗಳಲ್ಲಿ ಇದನ್ನು ಕಂಡರು. 1911ರಲ್ಲಿ ಜರ್ಮನಿಯ ಬರ್ಲಿನರ್ ಅನ್ನುವವರು ಹಿಟ್ಟಿನ ಪತಂಗದ ಮರಿಗಳಲ್ಲಿ ಕಂಡು, ಅದು ಸಿಕ್ಕಿದ ತುರಿಂಗಿಯಾ ಪ್ರದೇಶದ ಹೆಸರನ್ನೇ ಇಟ್ಟರು. ರೇಷ್ಮೆ ಹುಳದ ಮಾತು ಬಂತು ಅಂತ ಹೇಳುತ್ತೇನೆ, ನಿಮ್ಮ ಅಕ್ಕಪಕ್ಕ ಯಾರಾದರೂ ಹಿಪ್ಪುನೇರಳೆ ಹಾಕಿ ರೇಷ್ಮೆ ಸಾಕುತ್ತಿದ್ದರೆ ಈ ಪುಡಿಯನ್ನು ಮುಟ್ಟಲೇಬೇಡಿ. ರೇಷ್ಮೆ ಹುಳವೂ ಕೀಡೆಯೇ ತಾನೇ. ಕಿಟ್‌ನ ಹಾಳೆಯಲ್ಲಿ ಈ ಎಚ್ಚರಿಕೆ ಇಲ್ಲ. ಇರಬೇಕಿತ್ತು.

ಕೆಲಸ ಮಾಡುವ ರೀತಿ ಚೆನ್ನಾಗಿದೆ. ಹುಳ ಎಲೆ ಜೊತೆ ಪುಡಿಯನ್ನೂ ತಿನ್ನಬೇಕು. ಮೈಮೇಲೆ ಬಿದ್ದರೆ ಏನೂ ಆಗುವುದಿಲ್ಲ. ಕೀಡೆಯ ಹೊಟ್ಟೆಯಲ್ಲಿ ಕ್ಷಾರ ಜಾಸ್ತಿ, ಅಲ್ಲಿ ಬ್ಯಾಕ್ಟೀರಿಯಾದ ಪ್ರೋಟೀನ್ ಹರಳು ಕರಗಿ ಕರುಳಿನ ಗೋಡೆ ಒಡೆಯುತ್ತದೆ. ಕೆಲವೇ ಗಂಟೆಗಳಲ್ಲಿ ತಿನ್ನುವುದು ನಿಲ್ಲಿಸುತ್ತದೆ, ಎರಡು ಮೂರು ದಿನದಲ್ಲಿ ಕಪ್ಪಾಗಿ ಸಾಯುತ್ತದೆ. ನಮ್ಮ ಹೊಟ್ಟೆಯಲ್ಲಿ ಇರುವುದು ಆಮ್ಲ, ಹಾಗಾಗಿ ನಮಗೆ ಅದು ತಟ್ಟುವುದಿಲ್ಲ. ಜೇನುಹುಳಕ್ಕೂ ಇದರಿಂದ ತೊಂದರೆ ಇಲ್ಲ. ಆದರೂ ಪುಡಿ ಕಲಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಕಣ್ಣಿಗೆ ಹಾರಿದರೆ ಉರಿಯುತ್ತದೆ.

ಇಲ್ಲಿ ಒಂದು ವಿಷಯ ಬಹಳ ಜನರಿಗೆ ತಿಳಿಯುವುದಿಲ್ಲ. ಹೊಡೆದ ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಹುಳ ಎಲೆ ಮೇಲೆ ಕೂತೇ ಇರುತ್ತದೆ. "ಥೂ, ಇದೇನು ಮೋಸ" ಅಂತ ಒಂದು ಸ್ಟಾರ್ ಕೊಟ್ಟು ಬೈದವರ ರಿವ್ಯೂಗಳನ್ನು ಅದೇ ಪುಟದಲ್ಲಿ ಓದಿದೆ. ಹುಳ ಇದೆಯಾ ಅಂತ ನೋಡಬೇಡಿ. ಹೊಸ ತೂತು ಬೀಳುತ್ತಿದೆಯಾ, ಹೊಸ ಹಿಕ್ಕೆ ಬೀಳುತ್ತಿದೆಯಾ ಅಂತ ನೋಡಿ. ನಮ್ಮ ಎಲೆಕೋಸಿನಲ್ಲಿ ಡೈಮಂಡ್ ಬ್ಯಾಕ್ ಪತಂಗದ ಮರಿಗಳು ಇದ್ದವು. ಸಣ್ಣ ಹಸಿರು ಹುಳ, ಮುಟ್ಟಿದರೆ ಹಿಂದಕ್ಕೆ ಒದ್ದಾಡಿ ನೂಲಿಗೆ ಜೋತು ಬೀಳುತ್ತದೆ, ಅದೇ ಗುರುತು. ಬಿಟಿ ಹೊಡೆದ ಮೇಲೆ ಹೊಸ ಎಲೆಗಳು ಸ್ವಚ್ಛವಾಗಿ ಬಂದವು. ಎಲೆಕೋಸು ಗಟ್ಟಿಯಾಗಿ ಕಟ್ಟಿತು. ನಾನು ಎರಡು ಮಾರ್ಕು ಕೊಟ್ಟದ್ದು ಇದಕ್ಕೇ. ಹಾಗಂತ ಹುಳ ಇರಲಿ ಬಿಡಲಿ ವಾರ ವಾರ ಹೊಡೆಯುತ್ತಾ ಹೋಗಬೇಡಿ. ಹೊಲದಲ್ಲಿ ಬಿಟಿಯನ್ನು ತಡೆದುಕೊಳ್ಳಲು ಕಲಿತ ಮೊದಲ ಹುಳವೇ ಈ ಡೈಮಂಡ್ ಬ್ಯಾಕ್.

ತಂಬಾಕು ಕೀಡೆಗೆ ಮಾತ್ರ ಅಷ್ಟು ಸುಲಭದಲ್ಲಿ ನಾಟುವುದಿಲ್ಲ. ಅದು ಟೊಮೆಟೊ, ಮೆಣಸಿನಕಾಯಿ, ಕೋಸು ಏನು ಸಿಕ್ಕರೂ ತಿನ್ನುತ್ತದೆ, ದೊಡ್ಡದಾದ ಮೇಲೆ ಹಗಲು ಮಣ್ಣಲ್ಲಿ ಅಡಗಿ ರಾತ್ರಿ ಬರುತ್ತದೆ, ಹಾಗಾಗಿ ಬೆಳಿಗ್ಗೆ ಎಲೆ ಹೋಗಿರುತ್ತದೆ ಕಳ್ಳ ಕಾಣುವುದಿಲ್ಲ. ಬೆಳೆದ ಕೀಡೆಗೆ ಬಿಟಿ ಸಾಲದು. ಇದರ ಮೊಟ್ಟೆ ಗುರುತಿಸುವುದು ಕಲಿತರೆ ಮದ್ದೇ ಬೇಡ. ಎಲೆಯ ಅಡಿಯಲ್ಲಿ ಕಂದು ಕೂದಲಿನ ಮೆತ್ತೆ ಹೊದಿಸಿದ ಗುಂಪು, ಒಂದು ಗುಂಪಿನಲ್ಲಿ ನೂರಾರು ಮೊಟ್ಟೆ. ಆ ಒಂದು ಎಲೆ ಕಿತ್ತು ಹಾಕಿದರೆ ಅಷ್ಟೂ ಹೋಯಿತು. ನಮ್ಮ ಕಡೆ ಹೊಲದ ಬದುವಿಗೆ ಔಡಲ ಹಾಕುತ್ತಾರಲ್ಲ, ಅದು ಬರೀ ಎಣ್ಣೆಗಲ್ಲ, ಈ ಪತಂಗಕ್ಕೆ ಔಡಲದ ಎಲೆ ಅಂದರೆ ಪ್ರೀತಿ, ಮೊಟ್ಟೆಯನ್ನು ಅಲ್ಲೇ ಇಡುತ್ತದೆ. ತೋಟದ ಮೂಲೆಗೆ ಒಂದೆರಡು ಔಡಲ ಗಿಡ ಇದ್ದರೆ ದಿನಾ ಅದನ್ನಷ್ಟೇ ಮಗುಚಿ ನೋಡಿದರೆ ಸಾಕು. ಇನ್ನು ತಪ್ಪಿಸಿಕೊಂಡು ದೊಡ್ಡದಾದ ಕೀಡೆ ಇದ್ದರೆ ರಾತ್ರಿ ಊಟ ಆದ ಮೇಲೆ ಟಾರ್ಚ್ ಹಿಡಿದು ಹೋಗಿ, ಸೋಪಿನ ನೀರಿನ ಡಬ್ಬಿಗೆ ಹಾಕಿ.

ಬಿಟಿಗೆ ಎರಡು ವೈರಿಗಳು, ಬಿಸಿಲು ಮತ್ತು ನೀರು. ನಮ್ಮ ಊರಿನ ಬಿಸಿಲಿನ ಬಗ್ಗೆ ಹೇಳಬೇಕಾಗಿಲ್ಲ, ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುತ್ತದೆ. ಬೆಳಿಗ್ಗೆ ಹೊಡೆದರೆ ಸಂಜೆಯ ಹೊತ್ತಿಗೆ ಅದರ ಶಕ್ತಿ ಎಷ್ಟೋ ಇಳಿದಿರುತ್ತದೆ. ಹೊತ್ತು ಮುಳುಗುವಾಗ ಹೊಡೆಯಿರಿ, ಹುಳ ರಾತ್ರಿಯಿಡೀ ತಿನ್ನಲಿ. ಎರಡನೆಯದು ಬೋರಿನ ಸವಳು ನೀರು. ಕ್ಷಾರ ಜಾಸ್ತಿ ಇರುವ ನೀರಿನಲ್ಲಿ ಕಲಸಿಟ್ಟರೆ ಆ ಹರಳು ಹುಳದ ಹೊಟ್ಟೆಗೆ ಹೋಗುವ ಮೊದಲೇ ಕೆಡಬಹುದು. ಮಳೆ ನೀರು ಹಿಡಿದಿಟ್ಟಿದ್ದರೆ ಅದು, ಇಲ್ಲವಾದರೆ ಕುಡಿಯುವ ನೀರು ಒಂದು ಲೀಟರ್ ತಗೊಳ್ಳಿ. ಒಂದು ಲೀಟರ್‌ಗೆ ಒಂದರಿಂದ ಎರಡು ಗ್ರಾಂ ಪುಡಿ. ಆಗಾಗ ಅಲುಗಾಡಿಸುತ್ತಾ ಹೊಡೆಯಿರಿ, ತಳಕ್ಕೆ ಕೂರುತ್ತದೆ. ಕಲಸಿದ್ದನ್ನು ನಾಳೆಗೆ ಇಡಬೇಡಿ. ಪ್ಯಾಕೆಟ್ಟನ್ನು ತಗಡಿನ ಶೆಡ್‌ನಲ್ಲಿ ಇಡಬೇಡಿ, ನಮ್ಮ ಬೇಸಿಗೆಗೆ ಅದು ಒಳಗೇ ಸಾಯುತ್ತದೆ.

ಈ ಪ್ಯಾಕೆಟ್ ಮೇಲೆ ನೋಂದಣಿ ಸಂಖ್ಯೆ, ತಯಾರಾದ ದಿನ, ಅವಧಿ ಮುಗಿಯುವ ದಿನ, ಹಸಿರು ತ್ರಿಕೋನ ಎಲ್ಲ ಸರಿಯಾಗಿತ್ತು. ನಮ್ಮ ದೇಶದಲ್ಲಿ ಕೀಟನಾಶಕದ ಲೇಬಲ್ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಅಂತ ತ್ರಿಕೋನ ಇರುತ್ತದೆ. ಕೆಂಪು ಅತಿ ವಿಷ, ಹಸಿರು ಎಲ್ಲಕ್ಕಿಂತ ಕಮ್ಮಿ. ಅಡುಗೆಮನೆ ತೋಟಕ್ಕೆ ಹಸಿರು ಬಿಟ್ಟು ಬೇರೆಯದನ್ನು ನಾನು ಒಳಗೆ ತರುವುದಿಲ್ಲ.

ಮುಂದಿನದು ಬೇವಿನ ಎಣ್ಣೆ. ಇಲ್ಲಿ ಕಿಟ್ ಕಂಪನಿಯ ಮೇಲೆ ಸಿಟ್ಟು ಬಂತು. ಬಾಟಲಿ ಮೇಲೆ "100% ಶುದ್ಧ" ಅಂತ ದೊಡ್ಡದಾಗಿ ಇದೆ. ಬೇಕಾದ ಸಂಖ್ಯೆ ಮಾತ್ರ ಇಲ್ಲ. ಬೇವಿನಲ್ಲಿ ಹುಳದ ಮೇಲೆ ಕೆಲಸ ಮಾಡುವುದು ಮುಖ್ಯವಾಗಿ ಅಜಾಡಿರಾಕ್ಟಿನ್. ಸರಿಯಾಗಿ ನೋಂದಣಿಯಾದ ಬೇವಿನ ಔಷಧಿಯ ಮೇಲೆ ಅದು 300 ಪಿಪಿಎಂ, 1500 ಪಿಪಿಎಂ, 10,000 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಅದು ಎಷ್ಟು ಪಾಲು ಅನ್ನುವ ಲೆಕ್ಕ) ಅಂತ ಬರೆದಿರುತ್ತದೆ, ಎಷ್ಟು ಮಿಲಿ ಹಾಕಬೇಕು ಅನ್ನುವುದು ಅದರ ಮೇಲೆ ನಿಂತಿದೆ. 300ಕ್ಕೂ 10,000ಕ್ಕೂ ಒಂದೇ ಅಳತೆ ಹೇಗಾಗುತ್ತದೆ ಹೇಳಿ? ಈ ಬಾಟಲಿಯಲ್ಲಿ ಪಿಪಿಎಂ ಇಲ್ಲ, ನೋಂದಣಿ ಸಂಖ್ಯೆ ಇಲ್ಲ, ತ್ರಿಕೋನ ಇಲ್ಲ, "ಒಂದು ಲೀಟರ್‌ಗೆ 5 ಮಿಲಿ" ಅಂತ ಮಾತ್ರ ಇದೆ. ಹಾಗೆ ಮಾರುವುದಾದರೆ ಅದನ್ನು ಕೀಟನಾಶಕ ಅನ್ನಬಾರದು, ಗಾಣದ ಎಣ್ಣೆ ಅನ್ನಬೇಕು.

ಎಣ್ಣೆ ನೀರಲ್ಲಿ ಬೆರೆಯಲು ಸೋಪು ಬೇಕು. ಕಿಟ್‌ನಲ್ಲಿ ಅದನ್ನು ಕೊಟ್ಟಿಲ್ಲ, ಹಾಳೆಯಲ್ಲಿ "ಯಾವುದಾದರೂ ದ್ರವ ಸೋಪು" ಅಂತ ಒಂದು ಸಾಲು. ನಮ್ಮ ಸವಳು ನೀರಿಗೆ ಸೋಪು ಹಾಕಿದರೆ ಒಡೆದು ಕೆನೆ ಕಟ್ಟುತ್ತದೆ, ಎಣ್ಣೆ ಮೇಲೆ ತೇಲುತ್ತದೆ, ಸ್ಪ್ರೇಯರ್‌ನಲ್ಲಿ ಮೊದಲು ಬರೀ ನೀರು ಬಂದು ಕೊನೆಗೆ ಬರೀ ಎಣ್ಣೆ ಬರುತ್ತದೆ, ಆ ಕೊನೆಯ ಎಣ್ಣೆ ಯಾವ ಗಿಡಕ್ಕೆ ಬೀಳುತ್ತದೋ ಅದರ ಎಲೆ ಸುಡುತ್ತದೆ. ಅಂಟವಾಳದ ಕಾಯಿ ನೆನೆಸಿದ ನೀರು ಹಾಕಿದರೆ ಈ ರಗಳೆ ಇಲ್ಲ, ಅದು ಸವಳು ನೀರಿಗೂ ಒಡೆಯುವುದಿಲ್ಲ. ಮೊದಲು ಎಣ್ಣೆ ಮತ್ತು ಅಂಟವಾಳದ ನೀರನ್ನು ಸ್ವಲ್ಪದರಲ್ಲಿ ಚೆನ್ನಾಗಿ ಕಡೆದು, ಬೆಳ್ಳಗೆ ಹಾಲಿನ ಬಣ್ಣ ಬಂದ ಮೇಲೆ ಉಳಿದ ನೀರಿಗೆ ಸೇರಿಸಿ. ಒಂದು ಎಲೆಗೆ ಹೊಡೆದು ಒಂದು ದಿನ ಬಿಟ್ಟು ನೋಡಿ, ಆಮೇಲೆ ಇಡೀ ಗಿಡಕ್ಕೆ ಹೊಡೆಯಿರಿ.

ಬೇವು ಹುಳವನ್ನು ಬೀಳಿಸಿ ಕೊಲ್ಲುವ ಮದ್ದಲ್ಲ. ತಿನ್ನುವ ಮನಸ್ಸು ಕೆಡಿಸುತ್ತದೆ, ಮರಿ ಪೊರೆ ಕಳಚಿ ಬೆಳೆಯುವುದನ್ನು ಕೆಡಿಸುತ್ತದೆ. ಸಣ್ಣ ಮರಿಗಳ ಮೇಲೆ ನಾಲ್ಕೈದು ದಿನಕ್ಕೆ ಗೊತ್ತಾಗುತ್ತದೆ, ದೊಡ್ಡ ಹುಳ ಅಷ್ಟಾಗಿ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಬಿಸಿಲಿಗೆ ಇದೂ ಬೇಗ ಹೋಗುತ್ತದೆ. ಇನ್ನೊಂದು ಮಾತು, ಇದನ್ನು ಯಾವ ರಿವ್ಯೂದಲ್ಲೂ ಬರೆಯುವುದಿಲ್ಲ: ಸೊಪ್ಪಿಗೆ ಹೊಡೆದರೆ ಕಹಿ. ಪಾಲಕ್‌ಗೆ ಹೊಡೆದು ಎರಡೇ ದಿನಕ್ಕೆ ಕಿತ್ತರೆ ಎಷ್ಟು ತೊಳೆದರೂ ಪಲ್ಯದಲ್ಲಿ ಬೇವು ಬರುತ್ತದೆ, ರೊಟ್ಟಿ ಜೊತೆ ಯಾರೂ ಮುಟ್ಟುವುದಿಲ್ಲ. ಮೆಂತ್ಯ, ಪಾಲಕ್, ರಾಜಗಿರಿಗೆ ಎಣ್ಣೆ ಬೇಡವೇ ಬೇಡ. ಹಳೇ ಸೊಳ್ಳೆ ಪರದೆಯನ್ನು ಕಡ್ಡಿ ಊರಿ ಮೇಲೆ ಹೊದಿಸಿ, ಅಂಚಿಗೆ ಮಣ್ಣು ಒತ್ತಿ. ಪತಂಗ ಒಳಗೆ ಹೋಗಿ ಮೊಟ್ಟೆ ಇಟ್ಟರೆ ತಾನೇ ಹುಳ. ಸೊಪ್ಪಿಗೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ಕಂಡಿಲ್ಲ, ಖರ್ಚೂ ಇಲ್ಲ.

ಅದೂ ಅಲ್ಲದೆ ವಿಜಯಪುರದವರು ಬೇವಿಗೆ ದುಡ್ಡು ಕೊಡುವುದು ಯಾಕೆ ಅಂತ. ಬೇವಿನ ಗಿಡ ಇಲ್ಲದ ರಸ್ತೆ ತೋರಿಸಿ ನೋಡೋಣ. ಮಿರಗದ (ಮೃಗಶಿರಾ ಮಳೆಯ) ಹೊತ್ತಿಗೆ ಹಣ್ಣು ಉದುರುತ್ತವೆ. ಆರಿಸಿ, ಸಿಪ್ಪೆ ತೆಗೆದು, ನೆರಳಲ್ಲಿ ಒಣಗಿಸಿ ಇಟ್ಟರೆ ವರ್ಷಕ್ಕಾಗುತ್ತದೆ. ಬೀಜ ಒಡೆದು ಒಳಗಿನ ತಿರುಳು 50 ಗ್ರಾಂ ಕುಟ್ಟಿ, ಬಟ್ಟೆಯಲ್ಲಿ ಗಂಟು ಕಟ್ಟಿ ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಹಿಂಡಿ ಸೋಸಿ, ಅಂಟವಾಳದ ನೀರು ಸೇರಿಸಿ, ಸಂಜೆ ಹೊಡೆಯಿರಿ. ಕೃಷಿ ಇಲಾಖೆಯವರು ವರ್ಷಗಟ್ಟಲೆ ಹೇಳುತ್ತಾ ಬಂದ ಶೇಕಡಾ 5ರ ಬೇವಿನ ಬೀಜದ ಕಷಾಯ ಇದೇ. ಕೆಲಸ ಇದೆ, ಇಲ್ಲ ಅನ್ನುವುದಿಲ್ಲ. ಬೇಡ ಅಂದರೆ ಪಿಪಿಎಂ ಬರೆದ ಬಾಟಲಿ ಅಂಗಡಿಯಲ್ಲಿ ಕೇಳಿ ತಗೊಳ್ಳಿ, ಆದರೆ ಈ ಕಿಟ್‌ನ ಎಣ್ಣೆ ಬೇಡ.

ಇಷ್ಟು ಕೀಡೆಗಳ ಮಾತಾಯಿತು. ದುಂಬಿಗಳ ಮುಂದೆ ಈ ಕಿಟ್ ಕೈ ಚೆಲ್ಲುತ್ತದೆ.

ಬದನೆಗೆ ಬರುವ ಎಪಿಲಾಕ್ನಾ ದುಂಬಿ ನೋಡಿರುತ್ತೀರಿ. ಇಟ್ಟಿಗೆ ಬಣ್ಣದ ಗುಂಡು ಮೈ, ಮೇಲೆ ಕಪ್ಪು ಚುಕ್ಕೆಗಳು, ಒಂದು ಜಾತಿಗೆ 28 ಚುಕ್ಕೆ. ಇದರ ಮರಿ ಹಳದಿ, ಮೈತುಂಬಾ ಮುಳ್ಳು. ಎಲೆಯ ಹಸಿರನ್ನೆಲ್ಲ ಕೆರೆದು ತಿಂದು ನರ ಮಾತ್ರ ಬಿಡುತ್ತದೆ. ಕಿಟ್‌ನಲ್ಲಿ ಇರುವ ಬಿಟಿ ಕೀಡೆಗಳಿಗೆ ಮಾತ್ರ ಇರುವ ತಳಿ, ದುಂಬಿಗೆ ಅದು ತಟ್ಟುವುದೇ ಇಲ್ಲ. ಬೇವು ಸ್ವಲ್ಪ ತಿನ್ನುವುದು ಕಮ್ಮಿ ಮಾಡುತ್ತದೆ ಅಷ್ಟೇ. ನಮ್ಮ ಬದನೆ ಉಳಿದದ್ದು ಕೈಯಿಂದ. ಬೆಳಿಗ್ಗೆ ತಂಪಿದ್ದಾಗ ದುಂಬಿಗಳು ಚುರುಕಾಗಿರುವುದಿಲ್ಲ, ಕೆಳಗೆ ಸೋಪಿನ ನೀರಿನ ಬೋಗುಣಿ ಹಿಡಿದು ಟೊಂಗೆ ಕೊಡವಿದರೆ ಉದುರುತ್ತವೆ. ಎಲೆ ಅಡಿಯಲ್ಲಿ ಹಳದಿ ಮೊಟ್ಟೆಗಳು ಗುಂಪಾಗಿ ನೆಟ್ಟಗೆ ನಿಂತಿರುತ್ತವೆ, ಅವನ್ನು ಬೆರಳಲ್ಲೇ ಉಜ್ಜಿ ಬಿಡಿ.

ಹಾಗಂತ ಚುಕ್ಕೆ ಇರುವ ಗುಂಡು ಹುಳ ಕಂಡಿದ್ದನ್ನೆಲ್ಲ ಕೊಲ್ಲಬೇಡಿ. ಗುಲಗಂಜಿ ಹುಳವೂ ಹಾಗೇ ಇರುತ್ತದೆ, ಅದು ಹೇನು ತಿಂದು ನಮಗೆ ಉಪಕಾರ ಮಾಡುತ್ತದೆ. ಅದರ ಬೆನ್ನು ಮಿರಮಿರ ಹೊಳೆಯುತ್ತದೆ, ಓಡಾಟ ಚುರುಕು. ಎಪಿಲಾಕ್ನಾ ಮಂಕು, ಹತ್ತಿರದಿಂದ ನೋಡಿದರೆ ಬೆನ್ನ ಮೇಲೆ ಸಣ್ಣ ಕೂದಲು. ಅದು ಕೂತ ಎಲೆಯೇ ಸಾಕ್ಷಿ ಹೇಳುತ್ತದೆ, ಕೆರೆದ ಗುರುತು ಇದ್ದರೆ ಎಪಿಲಾಕ್ನಾ. ಕಿಟ್‌ನ ಸೂಚನೆ ಹಾಳೆಯಲ್ಲಿ ಕೀಟಗಳ ಚಿತ್ರಗಳ ನಡುವೆ ಒಂದು ಗುಲಗಂಜಿ ಹುಳದ ಚಿತ್ರ ಹಾಕಿ ಅದಕ್ಕೆ ಕೆಂಪು ಕಾಟು ಹೊಡೆದಿದ್ದಾರೆ. ಹಾಳೆ ಮಾಡಿದವರು ತೋಟ ನೋಡಿಲ್ಲ ಅನ್ನುವುದಕ್ಕೆ ಬೇರೆ ಪುರಾವೆ ಬೇಕಾ?

ಸವತೆ, ಹೀರೆ, ಕುಂಬಳಕ್ಕೆ ಕೆಂಪು ದುಂಬಿ. ಇದರ ಆಟ ಗಿಡ ಎಳೆಯದಿರುವಾಗ ಮಾತ್ರ. ಎರಡೆಲೆ ಮೊಳಕೆಯನ್ನು ಒಂದೇ ಬೆಳಿಗ್ಗೆ ಮುಗಿಸುತ್ತದೆ. ನಾಲ್ಕೈದು ಎಲೆ ಬಂದು ಬಳ್ಳಿ ಹರಿದರೆ ಅದು ತಿಂದರೂ ಗಿಡ ತಡೆಯುತ್ತದೆ. ಹಾಗಾಗಿ ಮೊದಲ ಕೆಲವು ವಾರ ಪರದೆ ಮುಚ್ಚಿಡಿ, ಹೂ ಬರುವ ಹೊತ್ತಿಗೆ ತೆಗೆಯಿರಿ, ಇಲ್ಲದಿದ್ದರೆ ಜೇನುಹುಳ ಒಳಗೆ ಬರದೆ ಕಾಯಿ ಕಟ್ಟುವುದಿಲ್ಲ. ಬೆಳಗಿನ ಇಬ್ಬನಿ ಇರುವಾಗ ಒಲೆಯ ಬೂದಿ ಉದುರಿಸುವುದು ನಮ್ಮ ಹಳೆ ಪದ್ಧತಿ, ಅದೂ ನಡೆಯುತ್ತದೆ. ಇದರ ಮರಿಗಳು ಮಣ್ಣೊಳಗೆ ಬೇರು ತಿನ್ನುತ್ತವೆ. ಬೆಳೆ ಮುಗಿದ ಮೇಲೆ ಮಣ್ಣು ಅಗೆದು ಬಿಸಿಲಿಗೆ ಬಿಡಿ. ನಮ್ಮ ಊರಿನ ಬಿಸಿಲು ಉಪಕಾರಕ್ಕೆ ಬರುವುದು ಇಲ್ಲೇ.

ಕರಿಬೇವು, ಲಿಂಬೆಗೆ ಲಿಂಬೆ ಚಿಟ್ಟೆಯ ಮರಿ ಬರುತ್ತದೆ. ಸಣ್ಣದಿದ್ದಾಗ ಹಕ್ಕಿ ಹಿಕ್ಕೆ ಬಿದ್ದ ಹಾಗೆ ಕಾಣುತ್ತದೆ, ಬೆಳೆದ ಮೇಲೆ ಹಸಿರು, ಮುಟ್ಟಿದರೆ ತಲೆ ಹಿಂದಿನಿಂದ ಕೊಂಬು ಚಾಚಿ ಗಬ್ಬು ವಾಸನೆ ಬಿಡುತ್ತದೆ. ಬಿಟಿ ಇದಕ್ಕೆ ನಡೆಯುತ್ತದೆ. ಆದರೆ ಮನೆಯ ಒಂದು ಗಿಡಕ್ಕೆ ಯಾಕೆ ಬೇಕು, ಆರಿಸಿ ಹಾಕಿದರೆ ಮುಗಿಯಿತು. ಇಂಡಿ ಕಡೆ ಲಿಂಬೆ ತೋಟ ಇರುವವರ ಲೆಕ್ಕ ಬೇರೆ.

ಹಳದಿ ಅಂಟು ಹಾಳೆ ಬಗ್ಗೆ ಎರಡೇ ಮಾತು. ಬಿಳಿ ನೊಣ, ರೆಕ್ಕೆ ಬಂದ ಹೇನು, ರಂಗೋಲಿ ಹುಳದ ನೊಣ ಅಂಟುತ್ತವೆ, ಕೀಡೆಯೂ ಅಂಟುವುದಿಲ್ಲ ದುಂಬಿಯೂ ಅಂಟುವುದಿಲ್ಲ. ಎಲೆ ತಿನ್ನುವ ಹುಳದ ಕಿಟ್‌ನಲ್ಲಿ ಅದಕ್ಕೆ ಜಾಗ ಇಲ್ಲ. ಅದೂ ನಮ್ಮ ಗಾಳಿಗೆ ಧೂಳು ಕೂತು ಬೇಗನೆ ಅಂಟು ಹೋಗುತ್ತದೆ.

ಹಣ್ಣಿನ ನೊಣದ ಬಲೆ ಇನ್ನೂ ತಮಾಷೆ. ಅದರೊಳಗೆ ನೊಣ ಸೆಳೆಯಲು ಇಟ್ಟ ವಾಸನೆಯ ಮದ್ದು, ಅಂದರೆ ಲ್ಯೂರ್, ಮೀಥೈಲ್ ಯೂಜಿನಾಲ್. ಅದು ಮಾವು, ಪೇರಲದ ನೊಣಕ್ಕೆ. ಹೀರೆ, ಹಾಗಲ, ಸವತೆ ಕೊಳೆಸುವ ನೊಣ ಬೇರೆ, ಅದಕ್ಕೆ ಕ್ಯೂ ಲ್ಯೂರ್ ಬೇಕು. ತರಕಾರಿ ತೋಟದ ಕಿಟ್ ಅಂತ ಮಾರಿ ಹಣ್ಣಿನ ತೋಟದ ಲ್ಯೂರ್ ಕೊಟ್ಟರೆ ಏನು ಮಾಡೋದು? ಪಕ್ಕದ ಮನೆಯಲ್ಲಿ ಪೇರಲ ಗಿಡ ಇದೆ, ಅವರಿಗೆ ಕೊಟ್ಟೆ, ಅವರಿಗೆ ಖುಷಿ.

ಸ್ಪ್ರೇಯರ್ ಪರವಾಗಿಲ್ಲ. ಒತ್ತಡ ಚೆನ್ನಾಗಿ ನಿಲ್ಲುತ್ತದೆ, ಹನಿ ಸಣ್ಣದಾಗಿ ಬರುತ್ತದೆ. ಒಂದೇ ಕೊರತೆ, ಮೂತಿ ಮೇಲಕ್ಕೆ ತಿರುಗುವುದಿಲ್ಲ. ಹುಳ, ಮೊಟ್ಟೆ ಹೆಚ್ಚಾಗಿ ಇರುವುದು ಎಲೆ ಅಡಿಯಲ್ಲಿ, ಅಲ್ಲಿಗೆ ಹೊಡೆಯಲು ಬಗ್ಗಿ ಸ್ಪ್ರೇಯರನ್ನೇ ವಾರೆ ಮಾಡಬೇಕು, ವಾರೆ ಮಾಡಿದರೆ ಒಳಗಿನ ಕೊಳವೆಗೆ ನೀರು ಸಿಗುವುದಿಲ್ಲ. ಪೂರ್ತಿ ತುಂಬಿಸಿದರೆ ಹೇಗೋ ನಡೆಯುತ್ತದೆ. ಬೇವು ಹೊಡೆದ ಮೇಲೆ ಬಿಸಿ ನೀರು ಹಾಕಿ ಒಂದೆರಡು ಸಲ ಹೊಡೆದು ತೊಳೆಯದಿದ್ದರೆ ಮೂತಿ ಕಟ್ಟಿಕೊಳ್ಳುತ್ತದೆ. ಕೈಗವಸು ಮೊದಲ ದಿನವೇ ಹರಿಯಿತು.

ಸೂಚನೆ ಹಾಳೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿದೆ, ಕನ್ನಡ ಇಲ್ಲ. ತೋಟ ನೋಡಿಕೊಳ್ಳುವವರು ನಮ್ಮ ಅತ್ತೆ, ಅವರು ಓದುವುದು ಕನ್ನಡ. ಕರ್ನಾಟಕಕ್ಕೆ ಕಳಿಸುವ ಡಬ್ಬಿಯಲ್ಲಿ ಒಂದು ಕನ್ನಡ ಹಾಳೆ ಹಾಕಲು ಎಷ್ಟು ಖರ್ಚು? ಔಷಧಿ ವಿಷಯದಲ್ಲಿ ಇದು ಬರೀ ಭಾಷೆಯ ಅಭಿಮಾನ ಅಲ್ಲ, ಅಳತೆ ತಪ್ಪಿದರೆ ಗಿಡ ಹೋಗುತ್ತದೆ. ಕಂಪನಿಯ ಸಹಾಯವಾಣಿಗೆ ಲ್ಯೂರ್ ಬಗ್ಗೆ, ಬೇವಿನ ಪಿಪಿಎಂ ಬಗ್ಗೆ ಬರೆದೆ. "ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ" ಅಂತ ಬಂತು. ಪಿಪಿಎಂ ಎಷ್ಟು ಅಂತ ಬರಲಿಲ್ಲ.

ಹಾಗಾದರೆ ಏನು ಮಾಡಬೇಕು ಅಂದರೆ, ಎಲೆಯನ್ನೂ ಹುಳವನ್ನೂ ಒಂದು ಡಬ್ಬಿಯಲ್ಲಿ ಹಾಕಿಕೊಂಡು ತಿಳಿದವರ ಹತ್ತಿರ ಹೋಗಿ. ವಿಜಯಪುರದವರಿಗೆ ಹಿಟ್ನಳ್ಳಿ ಫಾರ್ಮ್‌ನಲ್ಲಿ ಕೃಷಿ ಕಾಲೇಜು, ಕೃಷಿ ವಿಜ್ಞಾನ ಕೇಂದ್ರ ಎರಡೂ ಇವೆ. ಬಾಗಲಕೋಟೆಯವರಿಗೆ ತೋಟಗಾರಿಕೆ ವಿಶ್ವವಿದ್ಯಾಲಯವೇ ಊರಲ್ಲಿದೆ, ಗೋಕಾಕ ಕಡೆಯವರಿಗೆ ಅರಭಾವಿಯ ತೋಟಗಾರಿಕೆ ಕಾಲೇಜು. ಅಷ್ಟು ದೂರ ಆಗಲ್ಲ ಅಂದರೆ ಕಿಸಾನ್ ಕಾಲ್ ಸೆಂಟರ್ 1800-180-1551, ದುಡ್ಡಿಲ್ಲದ ಕರೆ, ಕನ್ನಡದಲ್ಲೇ ಮಾತಾಡಬಹುದು. ಫೋನಿನಲ್ಲಿ "ಹಸಿರು ಹುಳ" ಅಂತಷ್ಟೇ ಹೇಳಿದರೆ ಅವರೂ ಏನೂ ಹೇಳಲಾರರು, ಮುಟ್ಟಿದರೆ ಏನು ಮಾಡುತ್ತದೆ, ಹಗಲು ಕಾಣುತ್ತದಾ ರಾತ್ರಿ ಕಾಣುತ್ತದಾ, ಎಲೆಯಲ್ಲಿ ತೂತಾ ಅಥವಾ ಕೆರೆದ ಗುರುತಾ ಅಂತ ನೋಡಿಕೊಂಡು ಫೋನ್ ಮಾಡಿ.

ಕೀಡೆ ಅಂತ ಗೊತ್ತಾದರೆ ಬಿಟಿ ಪುಡಿ ಬಿಡಿಯಾಗಿ ತಗೊಳ್ಳಿ. ದ್ರಾಕ್ಷಿ ಬೆಳೆಗಾರರು ಹೋಗುವ ಔಷಧಿ ಅಂಗಡಿಗಳಲ್ಲೂ ಕೇಳಿ ನೋಡಿ, ಇಟ್ಟವರಿರುತ್ತಾರೆ. ದೊಡ್ಡ ಪ್ಯಾಕೆಟ್ ಮಾತ್ರ ಇದ್ದರೆ ಮೂರ್ನಾಲ್ಕು ಮನೆಯವರು ಸೇರಿ ತಂದು ಹಂಚಿಕೊಳ್ಳಬಹುದು, ಆದರೆ ಹಂಚುವಾಗ ಮೂಲ ಪ್ಯಾಕೆಟ್‌ನ ಲೇಬಲ್ ಫೋಟೊ ಎಲ್ಲರ ಫೋನಿನಲ್ಲೂ ಇರಲಿ, ಉಪ್ಪಿನ ಡಬ್ಬಿಗೆ, ಮಾತ್ರೆ ಡಬ್ಬಿಗೆ ಹಾಕಿ ಇಡುವುದು ಬೇಡ. ಸ್ಪ್ರೇಯರ್ ಬೇಕಾದರೆ ಮೂತಿ ತಿರುಗುವಂಥದ್ದೇ ನೋಡಿ ತಗೊಳ್ಳಿ. ಎರಡೂ ಸೇರಿದರೂ ಕಿಟ್‌ನ ಬೆಲೆ ಆಗುವುದಿಲ್ಲ.